ಜಗಲಿ ಮೇಲೆ ಫುಲ್ ಕೋರ್ಟ್ ಪ್ರೆಸ್

ಬಸವರಾಜಪ್ಪ: ಕಳ್ಸಲ್ಲ ಅಂದ್ರೆ ಕಳ್ಸಲ್ಲ ಕಣ್ರೀ ಮೇಷ್ಟ್ರೇ. ನಾಳೆ ಅಟ್ಟಕ್ಕೆ ಕಾಯಿ ಹಾಕೋದೈತೆ. ಇಂಪನಾ ಮನೇಲೇ ಇರ್ಲಿ.

ಬಾಲರಾಜು: ನಾಳೆ ಫೈನಲ್ಲು ಸಾರ್! ಕಾಯಿ ನಾಳಿದ್ದು ಅಟ್ಟ ಹತ್ತಿದ್ರೆ ಕೊಬ್ರಿ ಆಗಲ್ಲ ಅನ್ನುತ್ತಾ?

ಬಸವರಾಜಪ್ಪ: ಆಯ್ತದೆ. ಮೂಲೇಲಿ ನಿಲ್ಸೋಕೆ ನೀವು ಬೇರೆ ಹುಡುಗಿ ನೋಡ್ಕೊಂಡ್ರೆ ಫೈನಲ್ಲೂ ಆಯ್ತದೆ.

ಬಾಲರಾಜು ಮೇಷ್ಟ್ರು ಕುಡಿಯುತ್ತಿದ್ದ ಕಾಫಿ ಲೋಟ ಕೆಳಗಿಟ್ಟರು. ಪಾಪ, ಕಂದಿಕೆರೆ ಕಡೆಯಿಂದ ಈ ವರ್ಷ ತಾನೇ ನೊಣವಿನಕೆರೆಗೆ ವರ್ಗವಾಗಿ ಬಂದ ಪಿ.ಟಿ. ಮೇಷ್ಟ್ರು. ಸರ್ವಿಸ್ಸೆಲ್ಲ ಆಗಸ್ಟ್ ಹದಿನೈದಕ್ಕೆ ಮಕ್ಕಳನ್ನ ಸಾಲಾಗಿ ನಿಲ್ಲಿಸೋದರಲ್ಲೇ ಸವೆದಿತ್ತು. ಅವರು ಕಟ್ಟಿದ ಬಾಸ್ಕೆಟ್‌ಬಾಲ್ ಟೀಮು ಫೈನಲ್ಲಿನ ಮುಖ ನೋಡಿದ್ದು ಇದೇ ಮೊದಲು. ನಾಳೆ ತಿಪಟೂರಲ್ಲಿ ಅಮ್ಮಸಂದ್ರದ ಹುಡುಗಿಯರ ಮೇಲೆ ಮ್ಯಾಚು. ಇಂಪನಾ ಇದ್ದರೆ ಗೆಲ್ಲೋ ಆಸೆ ಉಂಟು, ಇಲ್ಲದಿದ್ದರೆ ಬಸ್ ಚಾರ್ಜೂ ದಂಡ. ಅಂಥಾ ಹುಡುಗೀನ ಅವರಪ್ಪ, ಕೊಬ್ಬರಿ ವ್ಯಾಪಾರಿ ಬಸವರಾಜಪ್ಪ, ಅಟ್ಟ ಹತ್ತಿಸ್ತೀನಿ ಅಂತ ಜಗಲಿ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದಾರೆ.

ಬಾಲರಾಜು: ಮೂಲೇಲಿ ನಿಲ್ಸಿದ್ದು ಅಂದ್ರೆ ಏನ್ ಸಾರ್ ಅದು? ಅದಕ್ಕೊಂದು ಅರ್ಥ ಐತೆ.

ಬಸವರಾಜಪ್ಪ: ಏನ್ ಅರ್ಥ? ಭಾನುವಾರ ಸೆಮಿಫೈನಲ್ಗೆ ಅಂತ ಮಂಡಿಯಿಂದ ಜನ ಕರ್ಕೊಂಡ್ ಬಂದಿದ್ದೆ. ಎಲ್ರಿಗೂ ಬೋಂಡಾ ಕೊಡ್ಸಿದ್ದೆ. ನನ್ ಮಗಳು ಬುಟ್ಟಿಗೆ ಬಾಲ್ ಹಾಕೋದ್ ನೋಡ್ರಪ್ಪಾ ಅಂತ ಹೇಳಿದ್ದೆ. ಅವಳೇನ್ ಮಾಡಿದ್ಲು? ಎರಡೂ ಕೈ ಮೇಲೆತ್ಕೊಂಡು ಮೂಲೇಲಿ ನಿಂತ್ಲು. ಬುಟ್ಟಿ ಕಡೆ ತಿರುಗೂ ನೋಡ್ಲಿಲ್ಲ. ನಮ್ ಮಂಡಿ ಸಣ್ಣತಿಮ್ಮಯ್ಯ ಎಲ್ರೆದುರಿಗೂ ಕೇಳ್ದ ಕಣ್ರೀ, "ಏನ್ ಬಸವರಾಜಪ್ನೋರೇ, ಮಗಳು ಹೋಮ್‌ವರ್ಕ್ ಮಾಡ್ಕೊಂಡ್ ಬಂದಿರ್ಲಿಲ್ವಾ?" ಅಂತ. ನನ್ ಮಾನ ಹೋಯ್ತು.

ಬಾಲರಾಜು: ಅಯ್ಯೋ, ಅದು ಶಿಕ್ಷೆ ಅಲ್ಲ ಸಾರ್! ಝೋನ್ ಡಿಫೆನ್ಸು!

ಬಸವರಾಜಪ್ಪ: ಹೆಸರು ಏನಾರಾ ಇಟ್ಕೊಳ್ಳಿ. ಮೂಲೆ ಮೂಲೇನೇ.

ಒಳಗಿನಿಂದ ಬಸವರಾಜಪ್ಪನವರ ಹೆಂಡತಿ ಗಿರಿಜಾಂಬಿಕಾ ಅವರೆಕಾಯಿ ತುಂಬಿದ ಮೊರ ಹಿಡಿದು ಬಂದು ಬಾಗಿಲ ಪಕ್ಕ ಕೂತರು. ಅವರ ಬೆನ್ನ ಹಿಂದೆ ಇಂಪನಾ, ಅರ್ಧ ಮುಖ ಬಾಗಿಲಾಚೆ, ಅರ್ಧ ಈಚೆ. ಮೇಷ್ಟ್ರು ಸುತ್ತ ನೋಡಿದರು. ಜಗಲಿಯ ಕೆಳಗೇ ಕಾಯಿ ರಾಶಿ. ಬಗ್ಗಿ ಐದು ಕಾಯಿ ಎತ್ತಿಕೊಂಡರು.

ಬಾಲರಾಜು: ನೋಡಿ ಸಾರ್, ಇದು ನಮ್ ಟೀಮು. ಮುಂದೆ ಎರಡು, ಹಿಂದೆ ಮೂರು. ಒಬ್ಬೊಬ್ರಿಗೂ ಒಂದೊಂದು ಜಾಗ. ಆ ಜಾಗಕ್ಕೆ ಯಾರೇ ಬರ್ಲಿ, ಅವ್ರೇ ತಡೀಬೇಕು. ಹಿಂದಿನ ಮೂಲೇಲಿ ಐತಲ್ಲ, ಈ ಕಾಯಿ ಇಂಪನಾ.

ಬಸವರಾಜಪ್ಪ: ಅದಾ? ತೆಗೀರಿ ತೆಗೀರಿ. ಸಣ್ ಕಾಯಿ ಅದು. ನನ್ ಮಗಳಿಗೆ ದಪ್ಪದ್ದು ಇಡಿ.

ಬಾಲರಾಜು: ಸೈಜು ಮುಖ್ಯ ಅಲ್ಲ ಸಾರ್...

ಬಸವರಾಜಪ್ಪ: ನೀವು ಕೊಬ್ರಿ ವ್ಯಾಪಾರ ಮಾಡ್ದೋರಲ್ಲ ಬುಡಿ, ಅದ್ಕೇ ಹಂಗಂತೀರಾ.

ತಾವೇ ಎದ್ದು ಹೋಗಿ, ರಾಶಿ ಕೆದಕಿ, ಬೆರಳಲ್ಲಿ ತಟ್ಟಿ ನೋಡಿ, ಒಂದು ಭಾರೀ ಕಾಯಿ ತಂದು ಮೂಲೆಗಿಟ್ಟರು. ಇಟ್ಟಮೇಲೆ ಮುಖ ಒಂಚೂರು ಗೆಲುವಾಯಿತು. ಬಾಲಿಗೆ ಏನು ಇಡೋಣ ಅಂತ ಮೇಷ್ಟ್ರು ಹುಡುಕಿ, ಕಿಟಕಿ ಮೇಲಿದ್ದ ನಿಂಬೆಹಣ್ಣು ತಂದು ಕಾಯಿಗಳ ನಡುವೆ ಇಡಲು ಹೋದರು.

ಗಿರಿಜಾಂಬಿಕಾ: ಅಯ್ಯಯ್ಯೋ ಸಾರ್! ಮುಸ್ಸಂಜೆ ಹೊತ್ನಲ್ಲಿ ಬಾಗಿಲ ಮುಂದೆ ಕಾಯಿ, ನಿಂಬೆಹಣ್ಣು! ಎದುರುಮನೆ ಲಕ್ಷ್ಮಿದೇವಮ್ಮ ನೋಡಿದ್ರೆ ನಾಳೆಯಿಂದ ಊರೋರು ಈ ಬೀದೀಲೇ ಓಡಾಡಲ್ಲ. ತಗೊಳ್ಳಿ, ಈರುಳ್ಳಿ ಇಡಿ.

ಮೇಷ್ಟ್ರು ತೆಪ್ಪಗೆ ಈರುಳ್ಳಿ ಇಟ್ಟರು.

ಬಾಲರಾಜು: ಈಗ ಈರುಳ್ಳಿ ಈ ಕಡೆ ಬಂತು. ಇಂಪನಾ ಕೈ ಎತ್ಕೊಂಡು ಅಡ್ಡ ನಿಂತ್ಲು. ಅವ್ರಿಗೆ ಬುಟ್ಟೀನೇ ಕಾಣ್ಸಲ್ಲ. ವಾಪಸ್ ಹೋಗ್ಬೇಕು. ಭಾನುವಾರ ಆ ಮೂಲೆಯಿಂದ ಅವ್ರು ಒಂದು ಬಾಲೂ ಹಾಕ್ಲಿಲ್ಲ, ನೋಡಿದ್ರಾ?

ಬಸವರಾಜಪ್ಪ: ನಾನ್ಯಾಕೆ ಅವ್ರು ಹಾಕ್ದೇ ಇರೋದ್ನ ನೋಡ್ಲಿ? ನಾನು ಬೋಂಡಾ ಕೊಡ್ಸಿದ್ದು ನಮ್ಮೋಳು ಹಾಕೋದ್ನ ನೋಡೋಕೆ.

ಬಾಲರಾಜು: ಬಂದೋರ್ನ ಬರದಂಗೆ ಮಾಡೋದೂ ಆಟಾನೇ ಸಾರ್.

ಬಸವರಾಜಪ್ಪ: ಅದು ಆಟ ಅಲ್ಲ, ಕಾವಲು. ಕಾವಲಿಗೆ ನಮ್ ತೋಟದಲ್ಲೊಂದು ನಾಯಿ ಐತೆ.

ಬಾಗಿಲ ಹಿಂದಿಂದ ಇಂಪನಾ "ಅಪ್ಪಾ!" ಅಂತ ಸಿಡುಕಿದಳು. ಗಿರಿಜಾಂಬಿಕಾ ನಗು ತಡೆಯಲು ಒಂದು ಅವರೆಕಾಯಿ ಬದಲು ಎರಡು ಸುಲಿದರು. ಮೇಷ್ಟ್ರಿಗೆ ರೋಷ ಬಂತು. ಗುಟ್ಟಾಗಿ ಇಟ್ಟುಕೊಂಡಿದ್ದ ವಿದ್ಯೆ ಒಂದಿತ್ತು. ಹೆಡ್‌ಮಾಸ್ಟರಿಗೂ ಹೇಳಿರಲಿಲ್ಲ. ಇನ್ನು ಮುಚ್ಚಿಟ್ಟು ಏನು ಪ್ರಯೋಜನ ಅಂತ ಐದೂ ಕಾಯಿಗಳನ್ನ ಜಗಲಿಯ ಆ ತುದಿಗೆ ಉರುಳಿಸಿಕೊಂಡು ಹೋದರು.

ಬಾಲರಾಜು: ಸರಿ ಸಾರ್. ಮೂಲೆ ಬ್ಯಾಡ ಅಂತೀರಲ್ಲ, ಇದು ನೋಡಿ. ಫುಲ್ ಕೋರ್ಟ್ ಪ್ರೆಸ್! ಅವ್ರು ನಮ್ ಕಡೆ ಬರೋವರ್ಗೂ ಕಾಯೋದೇ ಇಲ್ಲ. ಅವ್ರ ಕಡೇಗೇ ನುಗ್ಗೋದು. ಗೆರೆ ಆಚೆಯಿಂದ ಬಾಲ್ ಒಳಗೆ ಎಸೆದ್ರಾ, ಹಿಡಿದೋಳ ಮೇಲೆ ಇಬ್ರು ಬೀಳೋದು. ಮುಂದಿನ ಇಬ್ರಲ್ಲಿ ಒಬ್ಳು ಇಂಪನಾ!

ಬಸವರಾಜಪ್ಪ: ಅವ್ರ ಅಂಗಳಕ್ಕೇ ಹೋಗಿ ಮೇಲೆ ಬೀಳೋದಾ? ಮಾನವಂತರ ಮನೆ ಹುಡುಗಿ ಕಣ್ರೀ ಅವಳು! ಕರೀದೇ ಯಾರ್ ಮನೆಗೂ ಹೋಗಲ್ಲ.

ಬಾಲರಾಜು: ಸಾರ್, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬಾರ್ದು. ನೀವು ಕೊಬ್ರಿ ಹೆಂಗೆ ಕೊಳ್ತೀರಾ? ಮಂಡೀಲಿ ಕೂತು, ಬಂದಾಗ ಬರ್ಲಿ ಅಂತ ಕಾಯ್ತೀರಾ?

ಬಸವರಾಜಪ್ಪ: ಕಾದ್ರೆ ಬದುಕ್ದಂಗೇ! ಹೋದ್ ವರ್ಷ ಕಂದಿಕೆರೆ ಶ್ರೀರಂಗಯ್ಯನ ಅಟ್ಟದಲ್ಲಿ ಒಳ್ಳೇ ಮಾಲಿತ್ತು. ಅವ್ನು ಇನ್ನೂ ಅಟ್ಟದಿಂದ ಇಳಿಸಿರ್ಲಿಲ್ಲ, ನಾನು ಬೆಳಗಿನ ಕಾಫಿಗೇ ಅವ್ನ ಜಗಲೀಲಿ ಕೂತಿದ್ದೆ. ಆ ಕಡೆ ಬಾಗಿಲಲ್ಲಿ ಲೆಕ್ಕ ಬರೆಯೋ ನಮ್ ರೈಟರ್‌ನ ನಿಲ್ಸಿದ್ದೆ. ಬೇರೆ ವ್ಯಾಪಾರದೋನು ಒಳಗೆ ಕಾಲಿಡೋಕೇ ಆಗ್ಲಿಲ್ಲ!

ಬಾಲರಾಜು: ಇದೇ ಸಾರ್ ಪ್ರೆಸ್ಸು!

ಬಸವರಾಜಪ್ಪ ಮೆಲ್ಲಗೆ ಕಾಯಿಗಳ ಕಡೆ ಜರುಗಿದರು. ಕಣ್ಣಲ್ಲಿ ವ್ಯಾಪಾರದ ಹೊಳಪು ಬಂತು.

ಬಸವರಾಜಪ್ಪ: ಹಂಗಾದ್ರೆ ಶುರುವಿನಿಂದ್ಲೂ ಇದೇ ಆಡ್ಸಿ.

ಬಾಲರಾಜು: ಸುಸ್ತಾಗುತ್ತೆ ಸಾರ್.

ಬಸವರಾಜಪ್ಪ: ವ್ಯಾಪಾರದಲ್ಲಿ ಸುಸ್ತು ಅಂದ್ರೆ ಆಯ್ತದಾ?

ಗಿರಿಜಾಂಬಿಕಾ: ಇವ್ರ ಮಾತು ಬುಡಿ ಸಾರ್. ಮತ್ತೆ ಯಾವಾಗ ಶುರು ಮಾಡ್ತೀರಾ ಈ ಪ್ರೆಸ್ಸು?

ಬಾಲರಾಜು: ಆಹಾ, ಒಳ್ಳೇ ಪ್ರಶ್ನೆ ಕೇಳಿದ್ರಿ ಅಕ್ಕಾ! ಮೊದಲರ್ಧ ಸುಮ್ನೆ ಝೋನು. ಇವ್ರಿಗೆ ಇಷ್ಟೇ ಬರೋದು ಅಂದ್ಕೋಬೇಕು ಅವ್ರು. ಅರ್ಧ ಆಟ ಮುಗಿದು ನೀರು ಕುಡ್ಕೊಂಡು ಬತ್ತಾರಲ್ಲ, ಆಗ ಒಂದೇ ಸಲ ಮೇಲೆ ಬೀಳೋದು!

ಗಿರಿಜಾಂಬಿಕಾ: ಅರ್ಧ ಆದ್ಮೇಲೆ. ಅದಕ್ಕೆ ಅವ್ರು ಏನ್ ಮಾಡಿದ್ರೆ ತಪ್ಪಿಸ್ಕೋಬೋದು ಸಾರ್?

ಬಾಲರಾಜು: ಅದೊಂದೇ ಅಕ್ಕಾ ನನ್ ಹೆದರಿಕೆ. ನಮ್ಮೋರು ಇಬ್ರು ಬಾಲ್ ಹಿಡಿದೋಳ ಮೇಲೆ ಬಿದ್ದಾಗ ಇಲ್ಲಿ, ನಡುಮಧ್ಯ, ಖಾಲಿ ಆಯ್ತದೆ. ಇಲ್ಲೊಬ್ಳು ನಿಂತು ಬಾಲ್ ಇಸ್ಕೊಂಡುಬಿಟ್ರೆ ನಮ್ ಕಥೆ ಮುಗೀತು.

ಗಿರಿಜಾಂಬಿಕಾ: ನಡುಮಧ್ಯ.

ಬಾಲರಾಜು: ನಡುಮಧ್ಯ! ಎಷ್ಟ್ ಬೇಗ ಹಿಡ್ಕೊಂಡ್ರಿ ಅಕ್ಕಾ! ನಮ್ ಸ್ಟಾಫ್‌ರೂಮಲ್ಲಿ ಒಬ್ರೂ ಇಂಥಾ ಪ್ರಶ್ನೆ ಕೇಳಿಲ್ಲ.

ಮೇಷ್ಟ್ರ ಎದೆ ಉಬ್ಬಿತು. ಜೀವನದಲ್ಲಿ ಒಬ್ಬರಾದರೂ ತನ್ನ ಪಾಠವನ್ನ ಇಷ್ಟು ಆಸ್ಥೆಯಿಂದ ಕೇಳಿದರಲ್ಲ ಅಂತ ಕಣ್ಣೂ ಒದ್ದೆಯಾಯಿತು. ಈರುಳ್ಳಿ ಹಿಡಿದು ಹಿಡಿದೂ ಇರಬಹುದು.

ಗಿರಿಜಾಂಬಿಕಾ: ಇಲ್ಲ ಸಾರ್, ನಮ್ ಕುಮಾರಂಗೂ ಹಿಂಗೆ ಬಿಡಿಸಿ ಹೇಳೋರು ಯಾರಾರಾ ಇದ್ದಿದ್ರೆ ಚೆನ್ನಾಗಿತ್ತು. ಸುಮ್ನೆ ಹುಡುಗೀರ್ನ ಓಡಿಸ್ತಾನೆ, ಅಷ್ಟೆ.

ಬಾಲರಾಜು: ಯಾವ ಕುಮಾರ?

ಗಿರಿಜಾಂಬಿಕಾ: ನನ್ ತಮ್ಮ ಸಾರ್, ಬಸವಕುಮಾರ. ಅವ್ನೂ ನಿಮ್ ಥರಾನೇ ಪಿ.ಟಿ. ಮೇಷ್ಟ್ರು. ಅಮ್ಮಸಂದ್ರದಲ್ಲಿ.

ಮೇಷ್ಟ್ರ ಕೈಯಿಂದ ಈರುಳ್ಳಿ ಜಾರಿ ಚರಂಡಿಗೆ ಬಿತ್ತು.

ಬಾಲರಾಜು: ನಾಳೆ... ನಾಳೆ ನಮ್ ಮೇಲೆ ಆಡೋ ಟೀಮಿನ ಕುಮಾರ್ ಸಾರಾ? ಇಂಪನಾ! ಏನಮ್ಮಾ ಇದು? ಒಂದ್ ಮಾತು ಹೇಳ್ಬಾರ್ದಾ?

ಇಂಪನಾ: ಅವ್ರು ನಮ್ ಮಾವ ಅಂತ ಗೊತ್ತಾದ್ರೆ ಟೀಮಿಂದ ತೆಗೆದುಬಿಡ್ತೀರಾ ಅಂತ ಹೆದರ್ಕೊಂಡಿದ್ದೆ ಸಾರ್.

ಬಾಲರಾಜು: ಬಸವರಾಜಪ್ನೋರೇ, ನೀವಾದ್ರೂ?

ಬಸವರಾಜಪ್ಪ: ನನ್ ಭಾಮೈದ ಅಮ್ಮಸಂದ್ರದಲ್ಲವ್ನೆ ಅಂತ ಗೊತ್ತು. ಅಲ್ಲಿ ಬಾಲ್ ಆಡಿಸ್ತಾನೋ ಬುಗುರಿ ಆಡಿಸ್ತಾನೋ ನಾನೇನ್ ಕಂಡೆ?

ಬಾಲರಾಜು: ಅಕ್ಕಾ, ಕೈ ಮುಗೀತೀನಿ, ಅವ್ರಿಗೆ ಫೋನ್ ಗೀನ್ ಮಾಡ್ಬುಟ್ಟೀರಾ!

ಗಿರಿಜಾಂಬಿಕಾ: ನಾನ್ಯಾಕ್ ಮಾಡ್ಲಿ ಸಾರ್? ಅವ್ನೇ ಮಾಡ್ತಾನೆ, ದಿನಾ ದೀಪ ಹಚ್ಚೋ ಹೊತ್ಗೆ.

ಮಾತು ಮುಗಿದಿರಲಿಲ್ಲ, ನಡುಮನೆಯಲ್ಲಿ ಫೋನು ಬಡಿದುಕೊಳ್ಳತೊಡಗಿತು. ಗಿರಿಜಾಂಬಿಕಾ ಮೊರ ಬದಿಗಿಟ್ಟು ಎದ್ದರು. ಅವರಿಗಿಂತ ಮೊದಲು ಇಂಪನಾ ನಡುಮನೆ ಸೇರಿದಳು. ಫೋನಿದ್ದ ಮೇಜಿನ ಮುಂದೆ ಕಾಲು ಅಗಲಿಸಿ, ಮಂಡಿ ಒಂಚೂರು ಬಗ್ಗಿಸಿ, ಎರಡೂ ಕೈ ಮೇಲೆತ್ತಿ ನಿಂತಳು. ತಾಯಿ ಎಡಕ್ಕೆ ಹೋದರೆ ಅವಳೂ ಎಡಕ್ಕೆ. ತಾಯಿ ಬಲಕ್ಕೆ ವಾಲಿದರೆ ಅವಳೂ ಬಲಕ್ಕೆ. ಮೈಗೆ ಮೈ ತಾಗಿಸಲಿಲ್ಲ, ಫೋನು ಕಾಣಿಸಗೊಡಲಿಲ್ಲ.

ಗಿರಿಜಾಂಬಿಕಾ: ಲೇ, ಸರಿಯೇ ಆ ಕಡೆ! ಹೆತ್ತಮ್ಮಂಗೇ ಅಡ್ಡ ನಿಲ್ತೀಯೇನೇ?

ಇಂಪನಾ: ನನ್ ಜಾಗಕ್ಕೆ ಯಾರೇ ಬಂದ್ರೂ ತಡೀಬೇಕು ಕಣಮ್ಮ. ಸಾರ್ ಹೇಳವ್ರೆ.

ಬಸವರಾಜಪ್ಪ ಹೊಸಿಲ ಮೇಲೆ ನಿಂತು ಕಣ್ಣು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಮದುವೆಯಾದ ದಿನದಿಂದ ಈ ಹೆಂಗಸನ್ನ ಎದುರು ನಿಂತು ತಡೆದವರನ್ನ ಅವರು ಕಂಡಿರಲಿಲ್ಲ.

ಬಸವರಾಜಪ್ಪ: ಅಬ್ಬಬ್ಬಾ! ಏನ್ ನಿಲ್ತಾಳ್ರೀ ಮೇಷ್ಟ್ರೇ ನನ್ ಮಗಳು! ಒಂದ್ ಹೆಜ್ಜೆ ಬಿಟ್ಕೊಡ್ಲಿಲ್ಲವಲ್ರೀ! ಕಳಿಸ್ತೀನಿ, ನಾಳೆ ಕಳಿಸ್ತೀನಿ. ಕಾಯಿ ಎಲ್ಲಿಗೋಯ್ತದೆ, ಅಲ್ಲೇ ಬಿದ್ದಿರ್ತದೆ. ಮೂಲೇಲೇ ನಿಲ್ಸಿ ಅವಳನ್ನ! ಆ ಸಣ್ಣತಿಮ್ಮಯ್ಯನ್ನ ಕರ್ಕೊಂಡ್ ಬಂದು ಮೂಲೆ ಪಕ್ಕದಲ್ಲೇ ಕೂರಿಸ್ತೀನಿ!

ಮೇಷ್ಟ್ರು ಆನಂದ ತಡೆಯಲಾಗದೆ "ಸಾರ್!" ಅಂತ ಬಸವರಾಜಪ್ಪನವರ ಕೈ ಹಿಡಿದುಕೊಂಡರು. ಅಷ್ಟರಲ್ಲೇ ಗಿರಿಜಾಂಬಿಕಾ ಮೂಗರಳಿಸಿ ಅಡುಗೆಮನೆ ಕಡೆ ತಿರುಗಿದರು.

ಗಿರಿಜಾಂಬಿಕಾ: ಅಯ್ಯೋ ಹಾಲು! ಹಾಲು ಉಕ್ತು ಕಣೇ ಇಂಪನಾ, ಓಡೇ!

ಇಂಪನಾ ಓಡಿದಳು. ಮರುಕ್ಷಣವೇ ಫೋನು ಗಿರಿಜಾಂಬಿಕಾರ ಕಿವಿಗೆ ಸೇರಿತ್ತು.

ಇಂಪನಾ (ಒಳಗಿನಿಂದ): ಅಮ್ಮಾ! ಇಲ್ಲಿ ಒಲೇನೇ ಹಚ್ಚಿಲ್ಲ!

ಮೇಷ್ಟ್ರು ಅಲ್ಲೇ ಹೊಸಿಲ ಮೇಲೆ ಕುಸಿದು ಕೂತರು. ಮುಗೀತು. ಝೋನು, ಪ್ರೆಸ್ಸು, ನಡುಮಧ್ಯ, ಎಲ್ಲಾ ಇನ್ನು ಅರೆ ನಿಮಿಷದಲ್ಲಿ ಅಮ್ಮಸಂದ್ರ ಸೇರುತ್ತೆ. ಕಪ್ಪು ಹಿಡಿದು ಫೋಟೋಗೆ ಹೆಂಗೆ ನಿಲ್ಲಬೇಕು ಅಂತ ರಾತ್ರಿ ಕನ್ನಡಿ ಮುಂದೆ ನಿಂತು ನೋಡಿಕೊಂಡಿದ್ದು ನೆನಪಾಗಿ ಅವರಿಗೇ ಅಳು ಬಂದಂಗಾಯಿತು.

ಗಿರಿಜಾಂಬಿಕಾ (ಫೋನಿನಲ್ಲಿ): ಹಲೋ, ಹೂಂ ಕಣೋ ಕುಮಾರ... ಏನಿಲ್ಲ, ಅವರೆಕಾಯಿ ಸುಲೀತಿದ್ದೆ... ಮೇಷ್ಟ್ರಾ? ಹೂಂ, ಇಲ್ಲೇ ಅವ್ರೆ, ಮೋರೆ ಇಳೇ ಬಿಟ್ಕೊಂಡು ಹೊಸಿಲ ಮೇಲೆ ಕೂತವ್ರೆ. ಪಾಪ, ಇಂಪನಾನ ಕಳ್ಸಿ ಕಳ್ಸಿ ಅಂತ ಗೋಗರೆದ್ರು... ಎಲ್ಲಿ, ನಿಮ್ ಭಾವ ಬಿಟ್ರೆ ತಾನೇ? ನಾಳೆ ಅಟ್ಟಕ್ಕೆ ಕಾಯಿ ಹಾಕೋದೈತೆ ಅಂತ ಒಂದೇ ಹಟ...

ಮೇಷ್ಟ್ರು ತಲೆ ಎತ್ತಿದರು. ಬಸವರಾಜಪ್ಪ ಏನೋ ಹೇಳಲು ಹೋದವರು ಹೆಂಡತಿ ಕಣ್ಣು ಬಿಟ್ಟ ರಭಸಕ್ಕೆ ಬಾಯಿ ಮುಚ್ಚಿಕೊಂಡರು.

ಗಿರಿಜಾಂಬಿಕಾ (ಫೋನಿನಲ್ಲಿ): ಆಟಾನಾ? ಅಯ್ಯೋ, ಅದೇ ಕಣೋ, ಮೂಲೇಲಿ ಕೈ ಎತ್ಕೊಂಡು ನಿಂತ್ಕೊಳೋದು. ಆ ಮೇಷ್ಟ್ರಿಗೆ ಇನ್ನೇನ್ ಬತ್ತದೆ ಬುಡು! ನೀನು ಆರಾಮಾಗಿರು. ಬೆಳಗ್ಗೆ ಹುಡುಗೀರ್ಗೆಲ್ಲ ಹೊಟ್ಟೆ ತುಂಬ ಉಪ್ಪಿಟ್ಟು ತಿನ್ಸು, ಬಿರಿಯೋ ಹಂಗೆ ತಿನ್ಸು. ಪಾಪ, ಬೆಳೆಯೋ ಮಕ್ಕಳು... ಹೂಂ, ಆಯ್ತು, ಇಡ್ಲಾ?

ಫೋನಿಟ್ಟು, ಸೆರಗು ಸಿಕ್ಕಿಸಿಕೊಂಡು, ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ ಮೊರದ ಮುಂದೆ ಬಂದು ಕೂತರು.

ಬಾಲರಾಜು: ಅಕ್ಕಾ... ಒಡಹುಟ್ಟಿದ ತಮ್ಮ ಅಲ್ವಾ ಅವ್ರು?

ಗಿರಿಜಾಂಬಿಕಾ: ಹೌದು ಸಾರ್, ನಾನೇ ಎತ್ತಿ ಆಡ್ಸಿ ಬೆಳೆಸಿದ ತಮ್ಮ. ಆದ್ರೆ ಅವ್ನು ಸೋತು ಬಂದ್ರೆ ಆ ಮೋರೆ ನೋಡೋಳು ಅವ್ನ ಹೆಂಡ್ತಿ. ಇವಳು ಸೋತ್ರೆ, ವರ್ಷಗಟ್ಲೆ ಈ ಯಜಮಾನ್ರ ಮೋರೆ ನೋಡೋಳು ನಾನಲ್ವಾ?