ಗದ್ದಲ ಸೋಸುವ ಪೆಟ್ಟಿಗೆ

ರಾಯಚೂರಿನಂಥ ಊರಿನಲ್ಲಿ ಗದ್ದಲವೆಂದರೆ ಆಗದ ಮನುಷ್ಯರು ಒಬ್ಬರೇ ಒಬ್ಬರಿದ್ದರು. ಆ ಭಾಗ್ಯ ನಮ್ಮ ಮನೆತನಕ್ಕೇ ಬರಬೇಕೆ? ಬಂತು. ಅವರು ನಮ್ಮ ಅಕ್ಕನ ಗಂಡ, ನನ್ನ ಮಾವ. ಸ್ಟೇಷನ್ನಿನ ಎದುರು, ಹತ್ತಿ ಬಿಡಿಸುವ ಜಿನ್ನಿನ ಬೆನ್ನಿಗೆ ಅಂಟಿದಂತೆ ಅಂಗಡಿ ಇಟ್ಟು ಗ್ರಾಮೋಫೋನು, ರೇಡಿಯೊ ರಿಪೇರಿ ಮಾಡುತ್ತಿದ್ದರು. ರೈಲು ಕೂಗಿದರೆ ಹೊರಗೆ ಬಂದು ರೈಲಿಗೆ ಬೈಯುತ್ತಿದ್ದರು! ರೈಲೇನು ಹೆದರಿ ಬಾಯಿ ಮುಚ್ಚೀತೇ?

ನಾನು ಅದೇ ಜಿನ್ನಿನಲ್ಲಿ ಎಂಜಿನ್ನಿಗೆ ಎಣ್ಣೆ ಹಾಕುವವನು. ನಾಲ್ಕನೇ ಜಮಾತಿಗೆ ಶಾಲೆ ಬಿಟ್ಟೆ. ಆದರೆ ಒಂದು ದಿನವೂ ಕೆಲಸಕ್ಕೆ ತಡವಾಗಿ ಹೋದವನಲ್ಲ, ಮಾವನಂತೆ ಇಂಗ್ಲಿಷ್ ಪುಸ್ತಕ ಓದಿ ಕೆಟ್ಟವನೂ ಅಲ್ಲ.

ಅವರ ಹುಚ್ಚಿಗೆ ಕಾರಣ ಮಾತ್ರ ನಗುವಂಥದ್ದಲ್ಲ. ಅಕ್ಕನ ಎರಡು ಬಸಿರು ಎಂಟನೇ ತಿಂಗಳಲ್ಲಿ ಕೈಬಿಟ್ಟಿದ್ದವು. ಎರಡು ಸಲವೂ ಸೂಲಗಿತ್ತಿ ಹೊಟ್ಟೆಗೆ ಕಿವಿ ಹಚ್ಚಿ, "ಚಲೋ ಅದ ಯವ್ವಾ, ಕೂಸು ಮಲಗ್ಯಾದ" ಎಂದು ಎಲೆ-ಅಡಿಕೆ ಕಟ್ಟಿಕೊಂಡು ಹೋಗಿದ್ದಳು. ಅವಳಿಗೆ ಕಿವಿ ಮಂದವೆಂಬುದು ಊರಿಗೆಲ್ಲ ಗೊತ್ತಿತ್ತು. ಅವಳಿಗೆ ಕೇಳಿಸುವಷ್ಟು ಜೋರಾಗಿ ಯಾರೂ ಹೇಳಿರಲಿಲ್ಲ, ಅಷ್ಟೇ! ಮೂರನೆಯದು ನಿಂತಾಗ ಮಾವ ಹಟ ಹಿಡಿದರು. ಒಂದು ಪೆಟ್ಟಿಗೆ ಕಟ್ಟಿ ಕೂಸಿನ ಎದೆಬಡಿತ ತಾವೇ ಕೇಳುವುದು. ಅದು ತಗ್ಗಿತೆಂದರೆ ತಡಮಾಡದೆ ದವಾಖಾನೆಗೆ ಗಾಡಿ ಕಟ್ಟುವುದು.

ಆಗತಾನೇ ಎರಡನೇ ಮಹಾಯುದ್ಧ ಮುಗಿದು ಮಿಲ್ಟ್ರಿ ಸಾಮಾನು ಗುಜರಿಗೆ ಬಂದಿತ್ತು. ಮಾವ ಒಂದು ಚೀಲ ವಾಲ್ವು, ಅಂದರೆ ರೇಡಿಯೊದೊಳಗೆ ಉರಿಯುವ ಗಾಜಿನ ಬುರುಡೆ, ತಂದರು. ಒಂದೊಂದನ್ನೇ ಹಚ್ಚಿ, ಪೆನ್ಸಿಲಿನಿಂದ ತಟ್ಟಿ, ಕಿವಿಗೆ ಹೆಡ್‌ಫೋನು ಏರಿಸಿ, "ಇದು ಬಾಯಿಬಡಕ" ಎಂದು ಪಕ್ಕಕ್ಕಿಡುವರು. ಹೆಣ್ಣು ನೋಡಲು ಹೋದವರೂ ಇಷ್ಟು ಕೊಂಕು ತೆಗೆದದ್ದು ನಾನು ಕಂಡಿಲ್ಲ.

"ಸಣ್ಣ ಸಪ್ಪಳ ದೊಡ್ಡದು ಮಾಡೂದು ಏನೂ ಅಲ್ಲೋ ತಮ್ಮಾ," ಎಂದು ನನಗೆ ಪಾಠ. "ಪೆಟಗಿ ತನ್ನ ಸಪ್ಪಳ ಅದರಾಗ ಕೂಡಸಬಾರದು. ಮೊದಲನೇ ವಾಲ್ವು ಗರ್ ಅಂತಂದ್ರ, ಮುಂದಿನ ಎರಡೂ ಅದನ್ನೇ ದೊಡ್ಡದು ಮಾಡಿ ಹೇಳ್ತಾವ."

"ನಮ್ಮ ಬೀಗರಂಗ ಅನ್ರಿ."

"ಬೀಗರು ಅಂದ್ರ ನಮ್ಮವ್ವ, ನಮ್ಮಪ್ಪ ಏನಲೇ?"

"ನಾ ಹೆಸರು ಹೇಳಿಲ್ಲ ಮಾಮಾ!"

ಕರೆಂಟು ಗುಂಯ್‌ಗುಟ್ಟುತ್ತದೆಂದು ಬ್ಯಾಟರಿ ಕಟ್ಟಿದರು. ಹೊರಗಿನ ಗದ್ದಲ ಒಳಗೆ ನುಸುಳಬಾರದೆಂದು, ಮದುವೆಯಲ್ಲಿ ನಾವು ಕೊಟ್ಟ ತಾಮ್ರದ ಕೊಡವನ್ನೇ ಕತ್ತರಿಸಿ ಮೊದಲನೇ ವಾಲ್ವಿಗೆ ಅಂಗಿ ತೊಡಿಸಿದರು! ನೆಲದ ನಡುಕ ತಾಗದಿರಲೆಂದು ಅದನ್ನು ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ತೂಗುಹಾಕಿದರು. ಕೂಸಿಗಿಂತ ಮೊದಲು ವಾಲ್ವಿಗೆ ತೊಟ್ಟಿಲಾಯಿತು. ಹೊಟ್ಟೆಯ ಮೇಲೆ ಇಟ್ಟು ಸಪ್ಪಳ ಹಿಡಿಯುವುದಕ್ಕೆ, ಮುಳ್ಳು ಕಿತ್ತ ಗ್ರಾಮೋಫೋನಿನ ತಲೆ.

ಪರೀಕ್ಷೆಗೆ ನಾವು ಮಾನ್ವಿಗೆ ಹೋದೆವು. ಅಲ್ಲೊಬ್ಬ ಜೋಳದ ಸಾಹುಕಾರ ರೇಡಿಯೊ ರಿಪೇರಿಗೆ ಕರೆಸಿದ್ದ. ಮಾವ ರೇಡಿಯೊ ಬಿಟ್ಟು ಅವನ ಜೋಳದ ಚೀಲದ ಮೇಲೆ ಆ ಗ್ರಾಮೋಫೋನಿನ ತಲೆಯನ್ನಿಟ್ಟು ಕಣ್ಣುಮುಚ್ಚಿದರು. ಆಮೇಲೆ ಅಂಗಡಿ ತುಂಬ ಗಿರಾಕಿಗಳಿರುವಾಗ ಕುಣಿದಾಡಿಬಿಟ್ಟರು: "ಕೇಳ್ತು! ನುಸಿ ಜ್ವಾಳ ಕಡಿಯೂದು ಕೇಳ್ತು! ಒಂದಲ್ಲ, ಚೀಲದ ತುಂಬ ಅವ!"

ಸಾಹುಕಾರ ಎದ್ದು ನಿಂತ. "ನನ್ನ ಜ್ವಾಳದಾಗ ನುಸಿ ಅವ ಅಂತ ಡಂಗುರ ಹೊಡ್ಯಾಕ ಬಂದೀಯೇನು?"

"ಸಿಟ್ಟಾಗಬ್ಯಾಡ್ರಿ ಸಾಹುಕಾರ್ರ, ಎಷ್ಟು ಸ್ಪಷ್ಟ ಅದ, ನೀವೂ ಒಮ್ಮೆ ಕೇಳ್ರಿ!"

ಸಾಹುಕಾರ ಕೇಳಲಿಲ್ಲ. ನಾವು ಮಾತ್ರ ಬಸ್ ಸ್ಟ್ಯಾಂಡಿನವರೆಗೆ ಅವನ ಬೈಗುಳ ಕೇಳಿದೆವು. ಅದಕ್ಕೆ ಪೆಟ್ಟಿಗೆ ಬೇಕಾಗಲಿಲ್ಲ.

ಎಂಟನೇ ತಿಂಗಳು ಹಿಡಿದಾಗ ಅಕ್ಕ ದೇವದುರ್ಗ ತಾಲ್ಲೂಕಿನ ಮಸರಕಲ್ಲಿನಲ್ಲಿ, ತನ್ನ ತವರಿನಲ್ಲಿದ್ದಳು. ನಾನು ಪೆಟ್ಟಿಗೆ ಹೊತ್ತು, ಮಾವ ನನ್ನ ನಡಿಗೆಗೆ ಬೈಯುತ್ತ, ಮಧ್ಯಾಹ್ನದ ಹೊತ್ತಿಗೆ ಮನೆ ಮುಟ್ಟಿದೆವು. ಬಾಗಿಲಲ್ಲೇ ಅಕ್ಕ ಮೆಲ್ಲಗೆ ಹೇಳಿದಳು, "ನಿನ್ನೆಯಿಂದ ಕೂಸು ಆಡವಲ್ದುರೀ."

ಮಾವ ಚಪ್ಪಲಿ ಬಿಡುವುದನ್ನೂ ಮರೆತರು.

ಬೀಸುಕಲ್ಲು ನಿಲ್ಲಿಸಿದೆವು. ಕೋಳಿಯನ್ನು ಬುಟ್ಟಿಯಲ್ಲಿ ಮುಚ್ಚಿ ಪಕ್ಕದ ಮನೆಗೆ ಸಾಗಿಸಿದೆವು. ತಂತಿ ಹಚ್ಚಿದರೆ ಕಿವಿಯಲ್ಲಿ ಝಣಝಣ! ಬಸಿರಿನ ಕುಬಸದ ಶಾಸ್ತ್ರದಲ್ಲಿ ತೊಡಿಸಿದ ಹಸಿರು ಬಳೆ, ಕೈಗೊಂದು ಡಜನ್.

"ತಗೀ ಅವನ್ನ," ಎಂದರು ಮಾವ.

ನಮ್ಮವ್ವ ಅಡುಗೆಮನೆಯಿಂದ ನುಗ್ಗಿ ಬಂದಳು. "ಕುಬಸದ ಬಳಿ ಹಡಿಯೂಕಿಂತ ಮೊದ್ಲ ತಗೀತಾರೇನ್ರಿ? ಕೊಡ ಕಡಿದೀರಿ, ಸುಮ್ಮನಿದ್ದೆ. ಬಳಿ ಮುಟ್ಟಿದ್ರ ನೋಡ್ರಿ!"

ಕೊನೆಗೆ ದಾರಿ ಹುಡುಕಿದವನು ಈ ನಾಲ್ಕನೇ ಜಮಾತಿನವನೇ. ತಲೆದಿಂಬಿನ ಹತ್ತಿ ಕಿತ್ತು ಬಳೆಗಳ ನಡುವೆ ತುರುಕಿ, ಮೇಲೆ ಅರಿವೆ ಸುತ್ತಿದೆ. ಬಳೆ ಬಾಯಿ ಮುಚ್ಚಿದವು.

ಆದರೂ ಗರಗರ. ಮಾವ ವಾಲ್ವು ಬದಲಿಸಿದರು, ಬ್ಯಾಟರಿ ಬದಲಿಸಿದರು, ಬೆಸುಗೆ ಜಗ್ಗಿ ನೋಡಿದರು. ಗರಗರ ಹೋಗಲಿಲ್ಲ. "ಎಲ್ಲಾ ಚಲೋ ಅದಲ್ಲೋ ತಮ್ಮಾ, ಎಲ್ಲಿಂದ ಬರಾಕತ್ತದ ಇದು?" ಎಂದು ಬೆವರು ಒರೆಸಿಕೊಂಡರು.

ನನಗೆ ಕಂಡಿತು. ಅಕ್ಕನ ಸೀರೆಯ ಮೇಲೆ ಗ್ರಾಮೋಫೋನಿನ ತಲೆಯನ್ನು ಹಿಡಿದಿದ್ದ ಅವರ ಕೈ ನಡುಗುತ್ತಿತ್ತು. ಸೂಜಿಯ ಮೊನೆಯಷ್ಟು ಬೆಸುಗೆ ಹಾಕುವಾಗಲೂ ಅಲುಗದ ಕೈ. ಯಾವ ಪುಸ್ತಕದಲ್ಲೂ ಅದಕ್ಕೆ ಮದ್ದು ಬರೆದಿರಲಿಲ್ಲವೇನೋ. ಚೇಷ್ಟೆಯ ಮಾತೊಂದು ಬಾಯಿಗೆ ಬಂತು, ನುಂಗಿಕೊಂಡೆ. ಪಕ್ಕದಲ್ಲಿ ಕೂತು ಅವರ ಮಣಿಕಟ್ಟನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದೆ.

ಗರಗರ ನಿಂತಿರಬೇಕು. ಮಾವ ಉಸಿರು ಹಿಡಿದು ಕೂತರು. ಆಮೇಲೆ ಇನ್ನೊಂದು ಕೈಯಿಂದ ಹೆಡ್‌ಫೋನು ತೆಗೆದು ಅಕ್ಕನ ಕಿವಿಗೆ ಇಟ್ಟರು.

ಅಕ್ಕ ಕೇಳಿದಳು. ಹತ್ತಿ ತುಂಬಿದ ಕೈಯನ್ನು ಬಾಯಿಗೆ ಒತ್ತಿಕೊಂಡಳು.

"ಕುದುರಿ ಓಡಿದಂಗ ಓಡಾಕತ್ತದಲ್ರೀ," ಎಂದಳು. "ಎಲ್ಲಿಗಿ ಇಷ್ಟು ಗಡಿಬಿಡಿ ಇದಕ್ಕ?"

"ನಮ್ಮ ಕಡಿಗೇ ಬರಾಕತ್ತದ," ಎಂದರು ಮಾವ.