ಮೆಟ್ಟಿಲ ಬಾವಿಯ ಬಂದೋಬಸ್ತು

ನೀರಿನ ವಿಷಯ ಹೇಳಲು ಊರಿಗೆ ಹೋದವನು ಮೊದಲು ಆ ಊರಿನ ನೀರನ್ನೇ ಕುಡಿಯಬೇಕಾಗುತ್ತದೆ. ಬಂದವರ ಕೈಗೆ ತಂಬಿಗೆ ಕೊಡದೆ ನಮ್ಮ ಕಡೆ ಯಾರೂ ಮಾತಿಗೆ ಕೂಡುವುದಿಲ್ಲ. ಹಾಗಾಗಿ ನನ್ನ ನೌಕರಿಯಲ್ಲಿ ಇಂಥ ಫಜೀತಿಗಳು ನಡೆಯುತ್ತಲೇ ಇದ್ದವು.

ಹೈದರಾಬಾದಿನಲ್ಲಿ ಹೊಸ ಸರಕಾರ ಬಂದ ಕಾಲ. ನಾನು ಆರೋಗ್ಯ ಖಾತೆಯವನು. ಚಿತ್ತಾಪುರದಿಂದ ಸೈಕಲ್ಲಿನ ಮೇಲೆ ಹಳ್ಳಿ ತಿರುಗುತ್ತಿದ್ದೆ. ರಾವೂರದ ಆಚೆಯ ಒಂದು ಊರಿನಲ್ಲಿ ಹಳ್ಳದ ದಂಡೆಗೆ ಮೆಟ್ಟಿಲ ಬಾವಿ ಇತ್ತು. ಬೇಸಿಗೆಯಲ್ಲಿ ಹಳ್ಳ ಬತ್ತಿದರೆ ಊರಿಗೆಲ್ಲ ಅದೊಂದೇ ನೀರು. ಅಲ್ಲಿ ಪ್ರತಿ ವರ್ಷ ನಾರುಹುಣ್ಣು. ಕಾಲಿನಿಂದ ದಾರದಂಥ ಹುಳು ಹೊರಬರುತ್ತದೆ. ಆ ಕಾಲು ನೀರಿಗಿಳಿದರೆ ಹುಳು ಮರಿ ಬಿಡುತ್ತದೆ. ಆ ನೀರು ಕುಡಿದವರಿಗೆ ಮುಂದಿನ ವರ್ಷ ಹುಣ್ಣು. ತಿಂಗಳೊಳಗೆ ಜನ ನೀರಿಗೆ ಕಾಲಿಡುವುದು ನಿಲ್ಲದಿದ್ದರೆ ಬಾವಿ ಮುಚ್ಚಿಸುತ್ತೇನೆಂದು ನಮ್ಮ ಖಾತೆಯ ಡಾಕ್ಟರ್ ಸಾಹೇಬರು ಹೇಳಿದ್ದರು. ಮುಚ್ಚಿದರೆ ಹೆಂಗಸರು ಒಂದು ಹರದಾರಿ ನಡೆದು ಕಾಗಿಣಾ ಹೊಳೆಯಿಂದ ನೀರು ಹೊರಬೇಕು.

೧. ತಂಬಿಗೆ

ಮೊದಲ ದಿನ ಗೌಡರ ಮನೆಯಲ್ಲಿ ಸಭೆ. ಗೌಡತಿ ತಂಬಿಗೆ ತಂದರು. "ಕಾಸಿದ ನೀರು ಅಷ್ಟೇ ಕುಡೀತೀನಿ, ತಾಯಿ" ಎಂದೆ.

"ಅಯ್ಯ, ಎಂದಿನಿಂದ ಆರಾಮಿಲ್ರೀ?"

ಕಾಸಿದ ನೀರು ಬಂತು. ಹಿಂದೆಯೇ ಕಂಬಳಿಯೂ ಬಂತು. ಬೇಡವೆಂದರೆ ಕೇಳಲಿಲ್ಲ. ಆ ಸುಡು ಬೇಸಿಗೆಯಲ್ಲಿ ಕಂಬಳಿ ಹೊದ್ದು ಕೂತೆ. ಒಬ್ಬೊಬ್ಬರೇ ಬಂದವರು ಬಾಗಿಲಲ್ಲೇ ನಿಂತು ನೋಡಿ, "ಪಾಪ, ಜ್ವರ ಭಾಳ ಅದ, ಮಲಗ್ಲಿ" ಎಂದು ಹೊರಟುಹೋದರು.

೨. ಸೋಸುವುದು

ನೀರನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಮನೆಮನೆಗೆ ತೋರಿಸಿದೆ. ಒಬ್ಬ ಅಜ್ಜಿ ನನ್ನೆದುರೇ ಒಂದು ಹನಿ ಚೆಲ್ಲದಂತೆ ಸೋಸಿದಳು. ನಾನು ಮೆಚ್ಚಿದೆ. ಅವಳು ಬಟ್ಟೆ ಹಿಡಿದು ಬಾವಿಗೆ ಹೋಗಿ, ಅದನ್ನು ನೀರಿನಲ್ಲಿ ಮೆಲ್ಲಗೆ ಜಾಲಿಸಿದಳು.

"ಅದ್ರಾಗ ಹುಳದ ಮರಿ ಅದಾವು ಅಂದಿಲ್ಲೇನವ್ವಾ? ಮತ್ತ ಬಾವಿಗೇ ಯಾಕ ಬಿಟ್ಟಿ?"

"ಮರಿ ಅಂತ ನೀವೇ ಅಂದ್ರಿ. ಅವುಗಳವ್ವ ಹುಡುಕ್ಯಾಡಂಗಿಲ್ಲೇನ್ರಿ?"

೩. ಕಾವಲು

ಕಡೆಗೆ ಗೌಡರೇ ಮನಸ್ಸು ಮಾಡಿದರು. "ನೀವು ಚಿಂತಿ ಬಿಡ್ರಿ. ಬಾವಿಗಿ ಕಾವಲು ಇಡ್ತೀವಿ. ಒಬ್ಬ ಹೆಣ್ಮಗಳು ನೀರಿಗಿ ಕಾಲಿಟ್ರೂ ನನ್ನ ಕೇಳ್ರಿ."

ತಿಂಗಳು ತುಂಬಿದ ದಿನ ಸಾಹೇಬರು ಬಂದರು. ಚೀಲದಲ್ಲಿ ಬಾವಿ ಮುಚ್ಚುವ ಹುಕುಂ ಇತ್ತು. ಹೋಗಿ ನೋಡಿದರೆ ಹೆಂಗಸರೆಲ್ಲ ಮೇಲಿನ ಮೆಟ್ಟಿಲಲ್ಲಿ ಸಾಲಾಗಿ ನಿಂತಿದ್ದರು. ಒಬ್ಬರ ಕಾಲೂ ಒದ್ದೆಯಿಲ್ಲ. "ಶಾಬಾಷ್!" ಎಂದು ಸಾಹೇಬರು ನನ್ನ ಬೆನ್ನು ತಟ್ಟಿದರು.

ಆಗ ಕೆಳಗಿನಿಂದ ತುಂಬಿದ ಕೊಡವೊಂದು ಮೇಲೆ ಬಂತು. ಬಗ್ಗಿ ನೋಡಿದೆವು. ಕಾವಲಿನವನು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ.

"ನೀ ಯಾಕ ಇಳದೀಪಾ?" ಎಂದೆ.

"ಅವ್ರು ಇಳೀಬಾರ್ದಲ್ರೀ! ಎಲ್ಲಾರ ಕೊಡಾ ನಾನೇ ತುಂಬ್ಲಿಕತ್ತೀನಿ."

ಸಲಾಂ ಮಾಡಲು ಅವನು ಕುಂಟುತ್ತ ಮೇಲೆ ಬಂದ. ಪಾದಕ್ಕೆ ಎಕ್ಕೆ ಎಲೆ ಕಟ್ಟಿದ್ದ. ಅದರಂಚಿಗೆ ಬಿಳಿ ದಾರದಂತೆ ಹುಳು ಇಣುಕಿತ್ತು.

ಜೊತೆಗೆ ಬಂದಿದ್ದ ಗೌಡರು ಸಮಜಾಯಿಷಿ ಕೊಟ್ಟರು. "ನಾರು ಎದ್ದದ್ರಿ, ಹೊಲಕ್ಕ ಹೋಗಾಕ ಆಗಲ್ಲ. ಮನ್ಯಾಗ ಖಾಲಿ ಕುಂತಿದ್ದ. ಅದಕ್ಕ ಅವನ್ನೇ ಕಾವಲಿಗಿ ಹಾಕೀವಿ."

"ತಣ್ಣನ ನೀರಾಗ ನಿಂತ್ರ ನೋವೂ ಕಡಿಮಿ ರೀ" ಎಂದ ಕಾವಲಿನವನು.

ಸಾಹೇಬರು ಹುಕುಂ ತೆಗೆದರು. ಖಾಲಿ ಕೊಡ ಹಿಡಿದು ನಿಂತ ಸಾಲನ್ನು ಒಮ್ಮೆ ನೋಡಿ, "ಬಾವಿ ಇರಲಿ, ಮೆಟ್ಟಿಲು ಮುಚ್ಚಿ" ಎಂದು ತಿದ್ದಿದರು. ಊರವರು ನೀರೆಲ್ಲ ಹೊರಚೆಲ್ಲಿ, ರಾವೂರದ ಖಣಿಯಿಂದ ಬಂಡಿಗಳಲ್ಲಿ ಕಲ್ಲು ತಂದು ಮೆಟ್ಟಿಲಿಗೆ ಅಡ್ಡ ಗೋಡೆ ಎಬ್ಬಿಸಿದರು, ಮೇಲಿನಿಂದಲೇ ನೀರು ಸೇದಲು ಗಾಲಿ ಹಗ್ಗ ಹಾಕಿದರು.

ಕೆಲಸ ಮುಗಿದ ದಿನ ಕಾವಲಿನವನು ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿ, ನನ್ನ ಕಡೆ ತಿರುಗಿದ.

"ನಾ ಒಬ್ಬಾಂವ ಮಾಡ್ತಿದ್ದ ಕೆಲಸಕ್ಕ ಎಷ್ಟು ಕಲ್ಲು ಬೇಕಾದ್ವು ನೋಡ್ರಿ, ಸಾಹೇಬ್ರ."