ಚೀಲದ ನಡುವಿಗೆ ಚುಚ್ಚಿ ಓದಿದವಳು

ನಮ್ಮ ಅತ್ತೆಯನ್ನು ಕಂಪ್ಲಿಯಿಂದ ಹೊಸಪೇಟೆಯವರೆಗೆ ಸೋಲಿಸಿದವರಿಲ್ಲ. ಭತ್ತ ತಂದವರು ಸೋತಿದ್ದಾರೆ, ಲಾರಿ ಡ್ರೈವರುಗಳು ಸೋತಿದ್ದಾರೆ, ಬೀಗರು ಸೋತಿದ್ದಾರೆ. ಒಮ್ಮೆ ಮಿಲ್ಲಿನ ಅಂಗಳಕ್ಕೆ ನುಗ್ಗಿದ ಗೂಳಿಯೊಂದು ಅವಳ ಮುಖ ನೋಡಿ ಬಂದ ದಾರಿಯಲ್ಲೇ ವಾಪಸು ಹೋಗಿದೆ. ಅವಳನ್ನು ಸೋಲಿಸಿದ್ದು ಒಂದೇ ಒಂದು: ಬಿ.ಎ. ಮೊದಲ ಸೆಮಿಸ್ಟರಿನ ಇತಿಹಾಸ ಪತ್ರಿಕೆ. ಅದೂ ಎರಡು ಸಲ!

ಅತ್ತೆ ಎಂದರೆ ಅಪ್ಪನ ತಂಗಿ. ನನಗಿಂತ ಒಂದು ತಲೆಮಾರು ದೊಡ್ಡವಳು, ಮತ್ತು ನನ್ನ ಕ್ಲಾಸ್‌ಮೇಟ್. ಹೌದು, ಸರಿಯಾಗಿಯೇ ಓದಿದಿರಿ. ಪಿಯುಸಿ ಮುಗಿದ ಕೂಡಲೇ ಅವಳನ್ನು ಸಂಡೂರಿಗೆ ಮದುವೆ ಮಾಡಿಕೊಟ್ಟಿದ್ದರು. ವರ್ಷ ತುಂಬುವುದರೊಳಗೆ ಟ್ರಂಕ್ ಎತ್ತಿಕೊಂಡು ತವರಿಗೆ ಬಂದಳು. ಯಾಕೆಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಅಲ್ಲಿ ಹವಾ ಹಿಡಿಸಲಿಲ್ಲ." ಬಳ್ಳಾರಿಯ ಬಿಸಿಲಲ್ಲಿ ಬೆಂದವರು ತಂಪು ಹುಡುಕಿಕೊಂಡು ಹೋಗುವ ಸಂಡೂರಿನ ಹವಾ ಹಿಡಿಸಲಿಲ್ಲವಂತೆ! ಯಾರು ನಂಬುತ್ತಾರೆ? ಆದರೆ ಎರಡನೇ ಪ್ರಶ್ನೆ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅಂದಿನಿಂದ ದೊಡ್ಡಪ್ಪನ ರೈಸ್ ಮಿಲ್ಲಿನಲ್ಲಿ ಭತ್ತ ಪರೀಕ್ಷಿಸುವ ಕುರ್ಚಿ ಅವಳದಾಯಿತು.

ಅವಳು ಕಾಲೇಜು ಸೇರಿದ ಬಗ್ಗೆ ನಮ್ಮ ಮನೆಯಲ್ಲಿ ಹಲವು ಕಥೆಗಳಿವೆ. ಯಾವುದನ್ನೂ ನಾನು ನಂಬುವುದಿಲ್ಲ. ನನ್ನ ಅಡ್ಮಿಶನ್ ದಿನ ಜೊತೆಗೆ ಬರುವಾಗಲೇ ಅವಳ ಬ್ಯಾಗಿನಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋ ಇತ್ತು ಎನ್ನುತ್ತಾಳೆ ಅಮ್ಮ. ಬಿಸಿಲು ತಲೆಗೇರಿತ್ತು ಎನ್ನುತ್ತಾನೆ ದೊಡ್ಡಪ್ಪ. ಅತ್ತೆಯನ್ನೇ ಕೇಳಿದರೆ, "ಕ್ಯೂ ಭಾಳ ಉದ್ದ ಇತ್ತು. ಸುಮ್ಮನ ನಿಂತು ಏನ್ ಮಾಡೂದು ಅಂತ ನಾನೂ ಒಂದು ಅರ್ಜಿ ತುಂಬಿದೆ" ಎನ್ನುತ್ತಾಳೆ. ನನಗೆ ನೆನಪಿರುವುದು ಕೌಂಟರಿನ ಗುಮಾಸ್ತರ ಮುಖ ಮಾತ್ರ.

"ಮಗಳ ಅರ್ಜಿ ಏನ್ರಿ ಅಮ್ಮಾ?"

"ನಂದು."

"ಅಲ್ರಿ, ಓದೋರು ಯಾರು?"

"ನಾನಽರಿ. ನಿಮಗೇನರ ತ್ರಾಸ ಐತೇನು?"

ಅವರಿಗೆ ತ್ರಾಸವಿತ್ತು. ಆದರೂ ಅರ್ಜಿಗೆ ಸೀಲು ಒತ್ತಿದರು.

ತರಗತಿಯ ಮೊದಲ ದಿನ ಇತಿಹಾಸದ ಮೇಷ್ಟ್ರು ಒಳಗೆ ಬಂದರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ; ಅತ್ತೆಯ ಮುಂದೆ ಮೀಸೆಯೂ ಸಂಕೋಚಪಟ್ಟುಕೊಂಡಂತಿತ್ತು. ಎಲ್ಲರೂ ಎದ್ದು ನಿಂತೆವು, ಅತ್ತೆಯೂ ನಿಂತಳು. ತಾಯಿ ವಯಸ್ಸಿನವರು ತನಗಾಗಿ ನಿಂತದ್ದು ನೋಡಿ ಅವರಿಗೆ ಕಸಿವಿಸಿ.

"ಅಮ್ಮಾರ, ನೀವು ಕುಂದ್ರಿ."

"ಗುರುಗಳು ನಿಂತಾರ, ನಾ ಹೆಂಗ ಕುಂದ್ರಲಿ ಸರ್?"

"ನಾನು ನಿಂತು ಪಾಠ ಮಾಡಬೇಕ್ರಿ."

"ಮಾಡ್ರಿ. ನಾ ನಿಂತು ಕೇಳ್ತೀನಿ."

ಕೊನೆಗೆ ಮೇಷ್ಟ್ರೇ ಕುರ್ಚಿ ಎಳೆದುಕೊಂಡು ಕೂತರು. ಆ ಸೆಮಿಸ್ಟರ್ ಪೂರ್ತಿ ಅವರು ಬೋರ್ಡಿನ ಮೇಲೆ ಒಂದಕ್ಷರ ಬರೆಯಲಿಲ್ಲ. ನಮ್ಮ ಇತಿಹಾಸದ ನೋಟ್ಸ್ ಅಷ್ಟು ತೆಳ್ಳಗಿರಲು ಕಾರಣ ಇದು. ನನ್ನ ಗೆಳತಿಯರು ಬೇರೆ ಕಾರಣ ಹೇಳಬಹುದು, ಕೇಳಬೇಡಿ.

ಇನ್ನು ಹೊಸಪೇಟೆಯ ಕಾಲೇಜಿಗೆ ಹೋಗುವ ಬಸ್ಸು. ಹೆಂಗಸರಿಗೆ ಈಗ ಟಿಕೇಟಿಗೆ ಕಾಸಿಲ್ಲ. ಆಧಾರ್ ಕಾರ್ಡ್ ತೋರಿಸಿದರೆ ಆಯಿತು. ಅತ್ತೆ ಆಧಾರ್ ತೆಗೆಯುವವಳೇ ಅಲ್ಲ! ಕೊರಳಲ್ಲಿ ತೂಗುಬಿಟ್ಟಿದ್ದ ಕಾಲೇಜಿನ ಐಡಿ ಕಾರ್ಡನ್ನು ಕಂಡಕ್ಟರನ ಮೂಗಿಗೆ ಹಿಡಿಯುತ್ತಿದ್ದಳು.

"ಆಧಾರ್ ತೋರಸ್ರಿ ಅಮ್ಮಾ. ಹೆಣ್ಮಕ್ಕಳಿಗೆ ಅಷ್ಟಾದ್ರ ಸಾಕು."

"ಹೆಣ್ಮಗಳು ಅಂತ ನೋಡಿದ್ರ ತಿಳೀತದಲ್ಲೋ, ಅದಕ್ಕ್ಯಾಕ ಕಾರ್ಡು? ಸ್ಟೂಡೆಂಟ್ ಅಂತ ನೋಡಿದ್ರ ತಿಳಿಯೂದಿಲ್ಲ. ಅದಕ್ಕ ಇದನ್ನ ನೋಡು."

ಕಂಡಕ್ಟರ್ ಒಂದು ವಾರ ವಾದ ಮಾಡಿದ. ಆಮೇಲೆ ಅವಳನ್ನು ಕಂಡ ಕೂಡಲೇ, "ಏಯ್, ಸ್ಟೂಡೆಂಟ್ ಬಂದ್ರು, ಜಾಗ ಬಿಡ್ರಿ" ಎಂದು ಕೂಗತೊಡಗಿದ. ಸೋತವರ ಪಟ್ಟಿಗೆ ಇನ್ನೊಬ್ಬ.

ಮತ್ತೆ ಆ ಇತಿಹಾಸದಲ್ಲಿ ಅವಳೇಕೆ ಸೋತಳು? ಅದಕ್ಕೆ ಮಿಲ್ಲಿನ ಪದ್ಧತಿ ತಿಳಿಯಬೇಕು. ಮಾರಲು ತರುವ ಭತ್ತದ ಚೀಲದ ಬಾಯಲ್ಲಿ ಯಾವಾಗಲೂ ಒಳ್ಳೆಯ ಭತ್ತವಿರುತ್ತದೆ. ಒದ್ದೆ, ಜೊಳ್ಳು ಎಲ್ಲ ಹೊಟ್ಟೆಯೊಳಗೆ. ಆದ್ದರಿಂದ ಅತ್ತೆ ಚೀಲದ ಬಾಯಿ ನೋಡುವವಳೇ ಅಲ್ಲ. ತುದಿ ಚೂಪಾದ ಕಬ್ಬಿಣದ ಕೊಳವೆಯನ್ನು ಚೀಲದ ನಡುವಿಗೆ ಚುಚ್ಚಿ, ಅಂಗೈಗೆ ನಾಲ್ಕು ಕಾಳು ಸುರಿದುಕೊಂಡು, ಒಂದನ್ನು ಹಲ್ಲಲ್ಲಿ ಕಚ್ಚಿ, "ಇನ್ನೆರಡು ದಿನ ಒಣಗಸ್ಕೊಂಡು ಬಾ" ಎನ್ನುವಳು. ಪುಸ್ತಕವನ್ನೂ ಹೀಗೆಯೇ ಓದಿದಳು! ಮೊದಲ ಪಾಠಗಳು ಬರೀ ತೋರಿಕೆಗೆ, ನಿಜವಾದ ಸರಕು ನಡುವೆ ಇರುತ್ತದೆ ಎಂದು ಅವಳ ವಾದ. ಪ್ರತಿ ಪುಸ್ತಕದ ಹೊಟ್ಟೆಗೆ ಬೆರಳು ಹಾಕಿ ಬಿಚ್ಚುತ್ತಿದ್ದಳು, ಅಲ್ಲಿಂದ ಮುಂದಕ್ಕೆ ಬಾಯಿಪಾಠ.

ಅನಾಹುತವೆಂದರೆ ಉಳಿದ ಪತ್ರಿಕೆಗಳಲ್ಲೆಲ್ಲ ಇದೇ ಪದ್ಧತಿಯಿಂದ ಪಾಸಾಗಿಬಿಟ್ಟಳು. ಎಲ್ಲದರಲ್ಲೂ ಫೇಲಾಗಿದ್ದರೆ ಪದ್ಧತಿ ಬಿಡುತ್ತಿದ್ದಳೋ ಏನೋ. ಇತಿಹಾಸದ ಪ್ರಶ್ನೆಗಳು ಮಾತ್ರ ಮೊದಲ ಪಾಠಗಳಿಂದಲೇ ಬಂದಿದ್ದವು. ಫಲಿತಾಂಶ ನೋಡಿ ಅವಳಿಗೆ ದುಃಖವಾಗಲಿಲ್ಲ, ಸಿಟ್ಟು ಬಂತು.

"ಪೇಪರ್ ತಗದಾತ ಚೀಲದ ಬಾಯಾಗಿಂದ ತಗದಾನ. ಅವಗ ಮಾಲು ನೋಡಾಕ ಬರೂದಿಲ್ಲ!"

ಮರುವರ್ಷವೂ ಅವನಿಗೆ ಮಾಲು ನೋಡಲು ಬರಲಿಲ್ಲ. ಅತ್ತೆ ಮತ್ತೆ ಫೇಲು.

ಇಷ್ಟಾದರೂ ನಮಗೆ ನಗುವಿತ್ತು. ನಗು ನಿಂತದ್ದು ಹಂಪಿಯಿಂದ ಬಂದ ಮೇಲೆ. ಕಾಲೇಜಿನಿಂದ ಒಂದು ದಿನ ಹಂಪಿಗೆ ಕರೆದೊಯ್ದಿದ್ದರು. ನಮಗೆ ಹಂಪಿ ಹೊಸದೇನಲ್ಲ. ಸೆಲ್ಫಿ, ಎಳನೀರು, ಕಾಲುನೋವು, ಅಷ್ಟೇ. ಕಾಲುವೆಯ ಪಕ್ಕ ಸಾಲಾಗಿ ಕೊರೆದ ಕಲ್ಲಿನ ತಟ್ಟೆಗಳನ್ನು ಗೈಡ್ ಒಬ್ಬರು ತೋರಿಸುತ್ತಿದ್ದರು. ಅತ್ತೆ ಮಾತಿನ ನಡುವಿಗೇ ಚುಚ್ಚಿದಳು.

"ಉಂಡ ತಟ್ಟಿ ತೋರಿಸಿದ್ರಿ ಸರ, ಛಲೋ ಆತು. ಇಷ್ಟು ಮಂದಿಗೆ ಅಕ್ಕಿ ಎಲ್ಲಿಂದ ಬರ್ತಿತ್ತು?"

"ನಿಮ್ಮದು ಯಾವೂರ್ರೀ ಅಕ್ಕಾ?"

"ಕಂಪ್ಲಿ."

"ಹಂಗಾದ್ರ ನಿಮ್ಮ ಮನಿಯಿಂದನ ಬಂದಿರಬೇಕು. ಬಾಕಿ ಇದ್ರ ರಾಜರನ್ನ ಕೇಳ್ರಿ!"

ಸುತ್ತ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆಯೂ ನಕ್ಕಳು. ಆಮೇಲೆ ಆ ಗೈಡನ ಹಿಂದೆಯೇ ಇಡೀ ದಿನ ಸುತ್ತಿದಳು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಹೇಳಿದಳು: "ಮಿಲ್ಲಿಗೆ ಬರೋರೆಲ್ಲ ತಮ್ಮದು ಹೇಳಾಕ ಬರ್ತಾರ. ಅಲ್ಲಿ ನೋಡಿದಿಲ್ಲ? ಮಂದಿ ಕೇಳಾಕ ಬಂದಾರ. ನಾ ಗೈಡ್ ಆಗ್ತೀನಿ."

ಡಿಗ್ರಿ ಇದ್ದರೆ ಗೈಡ್ ತರಬೇತಿಗೆ ಅರ್ಜಿ ಹಾಕಬಹುದೆಂದು ಯಾರೋ ಹೇಳಿದ್ದರು. ಡಿಗ್ರಿಗೂ ಅವಳಿಗೂ ನಡುವೆ ಇದ್ದದ್ದು ಆ ಒಂದು ಪತ್ರಿಕೆ. ಅಲ್ಲಿಯವರೆಗೆ ಹುಚ್ಚಾಟವಾಗಿದ್ದದ್ದು ಅಂದಿನಿಂದ ಹಟವಾಯಿತು.

ದೊಡ್ಡಪ್ಪನಿಗೆ ಸುದ್ದಿ ಮುಟ್ಟಿತು. ಊಟಕ್ಕೆ ಕೂತಾಗಲೇ ಶುರು ಮಾಡಿದ.

"ಕಲ್ಲು ತೋರಸ್ಕೋಂತ ಬಿಸಿಲಾಗ ತಿರಗೂದು ನಮ್ಮ ಮನಿ ಹೆಣ್ಮಕ್ಕಳ ಕೆಲಸ ಏನವ್ವಾ? ಮಂದಿ ಏನಂತಾರ?"

"ಇಷ್ಟು ವರ್ಷ ನಿನ್ನ ಅಕ್ಕ್ಯಾಗಿನ ಕಲ್ಲು ಆರಿಸೀನಿ. ಆವಾಗ ಮಂದಿ ಏನಂದ್ರಣ್ಣಾ? ಈಗ ದೊಡ್ಡ ಕಲ್ಲು ತೋರಸ್ತೀನಿ. ಸಾರು ಹಾಕ್ಲೇನು?"

"ಎರಡು ಸಲ ಡುಮ್ಕಿ ಹೊಡದೀ. ಇನ್ನೂ ಬುದ್ಧಿ ಬರಲಿಲ್ಲಲ್ಲ!"

"ಬುದ್ಧಿ ಬಂದಿದ್ರ ಮಿಲ್ಲಿನ್ಯಾಗ ಕುಂದ್ರತಿದ್ದೆ."

ದೊಡ್ಡಪ್ಪ ಸಾರು ಹಾಕಿಸಿಕೊಳ್ಳಲಿಲ್ಲ. ನಾವೆಲ್ಲ ತಟ್ಟೆ ನೋಡಿಕೊಂಡು ಉಂಡೆವು. ಅವಳು ಮಾತ್ರ ಎರಡು ಸಲ ಅನ್ನ ಹಾಕಿಕೊಂಡಳು.

ಮೂರನೆಯ ಸಲ ಪರೀಕ್ಷೆ ಹತ್ತಿರ ಬಂದಾಗ ನಾವು ಕೊನೆಯ ವರ್ಷದಲ್ಲಿದ್ದೆವು. ಈಗ ಬಸ್ಸಿಗೆ ಬಸ್ಸೇ ಅವಳಿಗೆ ಬುದ್ಧಿ ಹೇಳುತ್ತಿತ್ತು. ಹೂವಿನವಳು ಹೇಳಿದಳು, ಹಾಲಿನವನು ಹೇಳಿದ. ಒಂದು ದಿನ ಕಂಡಕ್ಟರೂ ತಡೆಯಲಾರದೆ ಬಾಯಿಬಿಟ್ಟ.

"ಅಕ್ಕಾ, ಕಂಪ್ಲಿ ಬಿಡದ ಬಸ್ಸು ಹೊಸಪ್ಯಾಟಿಗೆ ಹೆಂಗ ಹೊಕ್ಕೈತಿ ಹೇಳ್ರಿ? ಮೊದಲನೇ ಪಾಠದಿಂದ ಓದ್ರಿ."

ಅತ್ತೆ ಪುಸ್ತಕದಿಂದ ತಲೆ ಎತ್ತಿದಳು.

"ನಡುವ ಹತ್ತಿದವರು ಹೊಸಪ್ಯಾಟಿ ಮುಟ್ಟೂದಿಲ್ಲೇನು?"

ಬಸ್ಸು ಸುಮ್ಮನಾಯಿತು. ನಿಜವಾಗಿ ಸುಮ್ಮನಾಯಿತೇ ಅಥವಾ ಈಗ ಬರೆಯುವಾಗ ನಾನು ಸುಮ್ಮನಾಗಿಸುತ್ತಿದ್ದೇನೆಯೇ? ನಮ್ಮ ಬಸ್ಸುಗಳು ಅಷ್ಟು ಸುಲಭಕ್ಕೆ ಸುಮ್ಮನಾಗುವುದಿಲ್ಲ. ಹಿಂದಿನ ಸೀಟಿನಲ್ಲಿ ಯಾರದೋ ಫೋನು ಹಾಡುತ್ತಿದ್ದಿರಬೇಕು. ಕಂಡಕ್ಟರ್ ಮಾತ್ರ ಬೆರಳಿಗೆ ಎಂಜಲು ಹಚ್ಚಿ ನೋಟು ಜೋಡಿಸುತ್ತ ಮುಂದೆ ಹೋದದ್ದು ನನಗೆ ನೆನಪಿದೆ.

ಅಂದು ಮನೆಗೆ ಬಂದವಳೇ ಮೊದಲ ಪಾಠ ಓದಿದಳು ಎಂದು ಬರೆದರೆ ಪ್ರಬಂಧ ಎಷ್ಟು ಚೆನ್ನಾಗಿರುತ್ತದೆ! ನಾನು ನೋಡಿಲ್ಲ. ಕೇಳಿದರೆ "ಓದಿಲ್ಲ" ಎಂದು ಇವತ್ತಿಗೂ ಆಣೆ ಮಾಡುತ್ತಾಳೆ. ಮರುದಿನದಿಂದ ಮಾತ್ರ ಪುಸ್ತಕವನ್ನು ಮೂಗಿನ ಹತ್ತಿರ, ಯಾವ ಪುಟವೆಂದು ಪಕ್ಕದಲ್ಲಿ ಕೂತ ನನಗೂ ಕಾಣದ ಹಾಗೆ ಹಿಡಿದು ಓದತೊಡಗಿದಳು. ಇಸ್ಪೀಟು ಆಡುವವರು ಎಲೆ ಹಿಡಿಯುತ್ತಾರಲ್ಲ, ಹಾಗೆ.

ಪಾಸಾದಳು. ಫಲಿತಾಂಶವನ್ನು ಕೊನೆಯ ಸಾಲಿಗೆ ಬಚ್ಚಿಡುವ ಬರಹಗಳ ಮೇಲೆ ನನಗೆ ನಂಬಿಕೆಯಿಲ್ಲ, ಅದಕ್ಕೆ ಈಗಲೇ ಹೇಳಿಬಿಟ್ಟೆ. ಅಂಚಿನ ಮೇಲೆ ನಿಂತು ಪಾಸಾದಳು, ಡಿಗ್ರಿ ಬಂತು, ಗೈಡ್ ತರಬೇತಿಗೆ ಅರ್ಜಿ ಹಾಕಿದ್ದಾಳೆ, ಉತ್ತರ ಇನ್ನೂ ಬಂದಿಲ್ಲ. ಸದ್ಯಕ್ಕೆ ಮನೆಗೆ ಬಂದ ನೆಂಟರನ್ನು ಚಹಾ ಕುಡಿಸುವ ಮೊದಲೇ ಹಂಪಿಗೆ ಎಳೆದೊಯ್ಯುತ್ತಾಳೆ. ನಮ್ಮ ಮನೆಗೆ ನೆಂಟರು ಬರುವುದು ಕಡಿಮೆಯಾಗಿದೆ.

ನಾನು ಹೇಳಬೇಕಾದದ್ದು ಪರೀಕ್ಷೆಯ ದಿನದ ಮಾತು.

ಅಂದು ಮಿಲ್ಲಿನ ಮುಂದೆ ಸುಗ್ಗಿಯ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ದೊಡ್ಡಪ್ಪ ಮುಖ ತಿರುಗಿಸಿಕೊಂಡಿದ್ದ. ಅತ್ತೆ ಒಬ್ಬಳೇ ಬಸ್ಸು ಹತ್ತಿ ಹೋದಳು. ನಾನು ಆ ಪತ್ರಿಕೆಯನ್ನು ಎಂದೋ ಪಾಸು ಮಾಡಿದ್ದೆ. ಮುಂದಿನ ಬಸ್ಸಿಗೆ ಹೋಗಿ ಕಾಲೇಜಿನ ಲೈಬ್ರರಿಯಲ್ಲಿ ಕೂತಿದ್ದೆ. ಪರೀಕ್ಷೆ ಮುಗಿಯುವ ಹೊತ್ತಿಗೆ ಎದ್ದು ಗೇಟಿನ ಬಳಿ ಹೋದೆ. ಪ್ರೀತಿಯಿಂದ ಹೋದೆ ಎಂದು ಬರೆಯಲು ಮನಸ್ಸಾಗುತ್ತದೆ. ಲೈಬ್ರರಿಯ ಫ್ಯಾನು ಕೆಟ್ಟಿತ್ತು ಎಂಬುದೂ ನಿಜ.

ಗೇಟಿನ ಹೊರಗೆ ತಾಯಂದಿರು ನೀರಿನ ಬಾಟಲಿ ಹಿಡಿದು ನಿಂತಿದ್ದರು. ಹುಡುಗ ಹುಡುಗಿಯರು ಹೊರಬರುತ್ತಿದ್ದ ಹಾಗೇ ಒಬ್ಬೊಬ್ಬರನ್ನೂ ಹಿಡಿದು, "ಹೆಂಗಿತ್ತು ಪೇಪರ್?" ಎಂದು ಕೇಳುತ್ತಿದ್ದರು. ಅತ್ತೆ ಎಲ್ಲರಿಗಿಂತ ಕೊನೆಗೆ ಬಂದಳು. ಆಚೀಚೆ ನೋಡಲಿಲ್ಲ. ಆ ಗುಂಪಿನ ನಡುವೆ ದಾರಿ ಮಾಡಿಕೊಂಡು ನೇರ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. "ಅತ್ತೀ" ಎಂದು ಕೂಗಿದೆ. ತಿರುಗಲಿಲ್ಲ. ಓಡಿಹೋಗಿ ಭುಜ ಹಿಡಿದೆ.

ನನ್ನನ್ನು ನೋಡಿದ್ದೇ ಅವಳ ಮುಖದ ಬಣ್ಣ ಹೋಯಿತು.

"ಯಾಕ? ಯಾರಿಗೇನಾತು? ಅಣ್ಣ ಆರಾಮ ಅದಾನಿಲ್ಲೋ?"

"ಯಾರಿಗೂ ಏನೂ ಆಗಿಲ್ಲ ಅತ್ತಿ."

"ಮತ್ತ್ಯಾಕ ಬಂದೀ?"

"ನಿನ್ನ ಸಲುವಾಗಿನ ಬಂದೀನಿ. ಕಾಯಾಕ."

ಅವಳಿಗೆ ಅದು ತಿಳಿಯಲು ಹೊತ್ತು ಹಿಡಿಯಿತು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಹಿಂತಿರುಗಿ ಗೇಟಿನ ಬಳಿಯ ತಾಯಂದಿರನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಕಾಂಪೌಂಡಿನ ಕಟ್ಟೆಯ ಮೇಲೆ ಮೆಲ್ಲಗೆ ಕೂತು, ಪಕ್ಕದ ಜಾಗದ ದೂಳು ಕೈಯಿಂದ ಝಾಡಿಸಿದಳು.

"ಬಂದ ಮ್ಯಾಲ ಸುಮ್ಮನ ನಿಂತೀಯಲ್ಲಲೇ," ಎಂದಳು. "ಹೆಂಗಿತ್ತು ಪೇಪರ್ ಅಂತ ಕೇಳು."